ಹೊಳಿ ಹುಟ್ಟಿದ ಊರಿಗೆ ಅವ್ವನ ಜೊತೆ

ಖರಾಡಿಗೆ ಬಂದು ಹದಿನೆಂಟು ವರ್ಷವಾಯ್ತು. ಮಹಾಬಳೇಶ್ವರಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲ ಅದೇ ಸ್ಟ್ರಾಬೆರಿ, ಅದೇ ಫೋಟೋ. ಮೊನ್ನೆ ಊರಿಂದ ಬಂದಿದ್ದ ಅವ್ವ, "ನಮ್ಮ ಹೊಳಿ ಹುಟ್ಟೋದು ಅಲ್ಲೇ ಅಂತಲ್ಲೋ ತಮ್ಮಾ, ಒಮ್ಮಿ ತೋರಸು" ಅಂದಳು. ಹೊರಟೆವು.

ನಾವೆಲ್ಲ ಸುತ್ತಾಡುವ ಪೇಟೆ ಇದೆಯಲ್ಲ, ಅದು ಹೊಸತು. 1829ರ ಹೊತ್ತಿಗೆ ಮುಂಬಯಿ ಗವರ್ನರ್ ಜಾನ್ ಮಾಲ್ಕಮ್ ಸಾತಾರಾ ರಾಜನಿಂದ ಜಾಗ ಪಡೆದು ಬಿಳಿಯರಿಗಾಗಿ ಕಟ್ಟಿಸಿದ್ದು. ಹಳೆಯ ಊರು ಅಲ್ಲಿಂದ ಆರು ಕಿಲೋಮೀಟರ್ ದೂರದ ಕ್ಷೇತ್ರ ಮಹಾಬಳೇಶ್ವರ. ನಾಲ್ಕೈದು ಬೀದಿ, ಕರಿಕಲ್ಲಿನ ಗುಡಿಗಳು, ಅಷ್ಟೇ. ಶಿವಾಜಿ ತಾಯಿ ಜೀಜಾಬಾಯಿಗೆ 1665ರಲ್ಲಿ ಚಿನ್ನದ ತುಲಾಭಾರ ಮಾಡಿಸಿದ್ದು ಇಲ್ಲೇ ಅಂತ ಹೇಳುತ್ತಾರೆ.

ಸಹ್ಯಾದ್ರಿಯ ನೆತ್ತಿ ಇದು, ಸುಮಾರು 1,350 ಮೀಟರ್ ಎತ್ತರ. ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಪಂಚಗಂಗಾ ಗುಡಿಯಲ್ಲಿ ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ ಐದೂ ಸೇರಿ ಒಂದೇ ಗೋಮುಖದಿಂದ ಬೀಳುತ್ತವೆ ಅನ್ನೋದು ನಂಬಿಕೆ. ಗುಡ್ಡ ಇಳಿದ ಮೇಲೆ ಸಾವಿತ್ರಿ ಪಡುವಣಕ್ಕೆ ತಿರುಗಿ ಅರಬ್ಬಿ ಸಮುದ್ರ ಸೇರುತ್ತಾಳೆ. ವೆಣ್ಣಾ ಸಾತಾರಾದ ಹತ್ತಿರ, ಕೊಯ್ನಾ ಕರಾಡದಲ್ಲಿ ಕೃಷ್ಣೆಯನ್ನು ಕೂಡುತ್ತವೆ. ಆಮೇಲೆ ಸಾಂಗಲಿ ದಾಟಿ ನಮ್ಮ ಕಡೆ.

ನಮ್ಮ ಕಡೆ ಅಂದರೆ ಬೀಳಗಿ ತಾಲೂಕಿನ ಒಂದು ಹಳ್ಳಿ. ಈಗಿಲ್ಲ. 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಲ್ಲಿ ನಮ್ಮ ಮನೆ, ಎರಿ ಹೊಲ, ಅಪ್ಪ ಹಚ್ಚಿದ ಬೇವಿನ ಗಿಡ ಎಲ್ಲ ಹೋದವು. ಅವ್ವ ಈಗಿರುವುದು ಪುನರ್ವಸತಿ ಕೇಂದ್ರದಲ್ಲಿ.

ಗೋಮುಖದಿಂದ ಬೀಳುತ್ತಿದ್ದದ್ದು ಬೆರಳು ಗಾತ್ರದ ಧಾರೆ. ಅವ್ವ ಬಹಳ ಹೊತ್ತು ನೋಡಿದಳು. "ಇಷ್ಟ ನೀರೇನೋ, ನಮ್ಮೂರ ಮುಳಗಿಸಿದ್ದು?" ಅಂದಳು. ಬೈತಾಳೇನೋ ಅಂದುಕೊಂಡೆ. ಬೈಯಲಿಲ್ಲ. ಬೊಗಸೆಯೊಡ್ಡಿ ಕುಡಿದಳು, ಸೆರಗಿನ ಗಂಟಿನಿಂದ ಅರಿಷಿಣ-ಕುಂಕುಮ ತೆಗೆದು ಕಲ್ಲಿಗೆ ಹಚ್ಚಿದಳು. ಬಾಟ್ಲಿಯೊಂದರಲ್ಲಿ ನೀರು ತುಂಬಿಕೊಂಡಳು.

ವಾಪಸು ಬರುವಾಗ ಖರಾಡಿಯ ಹತ್ತಿರ ಮುಳಾ-ಮುಠಾ ತೋರಿಸಿ, "ಅವ್ವಾ, ಇದೂ ಭೀಮಾ ಸೇರಿ, ಭೀಮಾ ರಾಯಚೂರು ಜಿಲ್ಲೆಯಾಗ ಕೃಷ್ಣಾ ಸೇರತೈತಿ" ಅಂದೆ. "ಹಂಗಾದ್ರ ಡ್ಯಾಮಿನ ಕೆಳಗ. ನಮ್ಮೂರ ಮ್ಯಾಲೆ ಹಾಯೂದಿಲ್ಲ ಬಿಡು" ಅಂದಳು.

ಆ ಬಾಟ್ಲಿ ಈಗ ಪುನರ್ವಸತಿ ಮನೆಯ ದೇವರ ಜಗಲಿ ಮೇಲಿದೆಯಂತೆ. ಖರಾಡಿಯ ನನ್ನ ಫ್ಲ್ಯಾಟಿನ ಕೆಳಗೂ ಯಾರದೋ ಹೊಲವಿತ್ತು ಅನ್ನೋದು ಅವತ್ತೇ ನನಗೆ ಮೊದಲು ಹೊಳೆದದ್ದು.