ದಂಡಿನ ಮನೆಗಳೂ ತೊಲೆಯೇರಿಸುವ ಕ್ರಮವೂ

ಬೆಂಗಳೂರಿನ ಮೂಡಣ ಭಾಗದಲ್ಲಿ ಸಂಚರಿಸುವವರಿಗೆ ಮರಗೆಲಸದ ಚರಿತ್ರೆಯು ಬೀದಿಯಲ್ಲಿಯೇ ಗೋಚರಿಸುವುದು. 1809ರಲ್ಲಿ ಸ್ಥಾಪಿತವಾದ ದಂಡಿನಲ್ಲಿ ಅಲ್ಲಲ್ಲಿ ಉಳಿದಿರುವ ಹಳೆಯ ಬಂಗಲೆಗಳ ಕಿಟಕಿಗಳ ಮೇಲೆ, ‘ಮಂಕಿ ಟಾಪ್’ ಎಂದು ಕರೆಯುವ ಮೊನಚಾದ ಮರದ ಮಾಡುಗಳಿವೆ. ಶಿವಾಜಿನಗರದ ಸಮೀಪದ ಬಂಬೂ ಬಜಾರು ತನ್ನ ಹೆಸರಿನಲ್ಲಿಯೇ ಬಿದಿರನ್ನು ಹೊತ್ತಿರುವುದು. ಹಲಸೂರಿಗೆ ಆ ಹೆಸರು ಹಲಸಿನ ತೋಪಿನಿಂದ ಬಂದಿತೆಂದು ಹಿರಿಯರು ಹೇಳುವರು. ಹಲಸಿನ ಮರವಾದರೋ ಬಾಗಿಲು ಕಂಬಗಳಿಗೆ ಬಹು ಯೋಗ್ಯವಾದುದು.

ಮಣ್ಣಿನ ಗೋಡೆ, ಮರದ ಕಂಬತೊಲೆಗಳ ಮನೆಯನ್ನು ಕಟ್ಟಿಸಬೇಕೆಂಬ ಆಸೆಯು ಈಗ ಹಲವರಲ್ಲಿ ಮರಳಿ ಚಿಗುರಿದೆ. 1974ರಲ್ಲಿ ಇದೇ ನಗರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮಣ್ಣಿನ ಇಟ್ಟಿಗೆಗೆ ಶಾಸ್ತ್ರೀಯವಾದ ಬಲವನ್ನು ಕೊಟ್ಟಿತು. ಆಸೆಯು ಒಳ್ಳೆಯದೇ. ಆದರೆ ಗೋಡೆಯು ವರಸೆವರಸೆಯಾಗಿ ಬೆಳೆಯುವುದು. ಮರದ ಚೌಕಟ್ಟು ಒಮ್ಮೆಗೇ ಏಳುವುದು. 16 ಅಡಿ ಉದ್ದ, 10 ಅಂಗುಲ ಎತ್ತರ, 8 ಅಂಗುಲ ಅಗಲದ ಒಣಗಿದ ತೇಗದ ತೊಲೆಯು ಸುಮಾರು 160 ಕಿಲೋಗ್ರಾಂ ತೂಗುವುದು. ಜಾರಿದರೆ ಕೈಯಿಂದ ತಡೆಯುವ ಮಾತೇ ಇಲ್ಲ.

ಮಯಮತವೆಂಬ ಶಿಲ್ಪಗ್ರಂಥದಲ್ಲಿ ಮರದ ಕೂಡಿಕೆಗಳಿಗಾಗಿ ‘ಸಂಧಿಕರ್ಮ’ವೆಂಬ ಪ್ರತ್ಯೇಕ ಅಧ್ಯಾಯವುಂಟು. ಕೂಡಿಕೆಗಳನ್ನು ನೆಲದ ಮೇಲೆಯೇ ಒಮ್ಮೆ ಜೋಡಿಸಿ ಗುರುತು ಹಾಕಿಕೊಂಡರೆ, ಎತ್ತರದಲ್ಲಿ ಕುಳಿತು ಉಳಿ ಹಿಡಿದು ತಡಕಾಡುವ ಅಪಾಯವು ತಪ್ಪುವುದು. ಕಂಬದ ಬುಡವು ಜಾರದಂತೆ ಗೂಟಗಳನ್ನು ಬಡಿದು, ನಾಲ್ಕು ದಿಕ್ಕಿಗೂ ಹಗ್ಗ ಬಿಗಿದು ಮೇಲೆತ್ತಬೇಕು. ಕಂಬವು ನೆಟ್ಟಗಾದೊಡನೆ ಹಗ್ಗವನ್ನು ಬಿಚ್ಚದೆ, ಮೊದಲು ಓರೆಯಾಗಿ ಆಸರೆಯ ಮರಗಳನ್ನು ಹೊಡೆಯಬೇಕು. ತೊಲೆಯನ್ನು ರಾಟೆಯಿಂದೆತ್ತುವಾಗ ಅದರ ಎರಡು ತುದಿಗಳಿಗೂ ಹಿಡಿಹಗ್ಗವಿರಲಿ. ಕೆಳಗೆ ಯಾರೂ ನಿಲ್ಲದಿರಲಿ. ‘ಎಳೆಯಿರಿ’ ಎನ್ನುವ ಅಧಿಕಾರ ಮೇಸ್ತ್ರಿಯೊಬ್ಬನಿಗೆ. ‘ನಿಲ್ಲಿಸಿ’ ಎನ್ನುವ ಅಧಿಕಾರ ಎಲ್ಲರಿಗೂ. ಹಲಸೂರಿನ ಇಕ್ಕಟ್ಟಾದ ಬೀದಿಗಳಂತಹ ಕಡೆ ತಲೆಯ ಮೇಲಿನ ವಿದ್ಯುತ್ತಂತಿಗಳನ್ನು ಮೊದಲೇ ನೋಡಿಕೊಳ್ಳಬೇಕು.

ಮುಹೂರ್ತವು ಮೀರುತ್ತಿದೆಯೆಂದು ಮೇಸ್ತ್ರಿಯನ್ನು ಅವಸರಪಡಿಸುವ ಯಜಮಾನರನ್ನು ನಾವು ಕಂಡಿದ್ದೇವೆ. ಮುಹೂರ್ತದಲ್ಲಿ ನಮಗೂ ಶ್ರದ್ಧೆಯುಂಟು. ಆದರೆ ಆ ಗಳಿಗೆಗೆ ತಲಬಾಗಿಲಿನ ಚೌಕಟ್ಟೊಂದನ್ನು ನಿಲ್ಲಿಸಿ ಪೂಜಿಸಿದರೆ ಸಾಕು. ತೊಲೆಗಳು ಗಾಳಿಯಿಲ್ಲದ ಬೆಳಗಿಗೆ ಕಾಯಬಹುದು. ಮನೆಯು ನಮ್ಮ ಮಕ್ಕಳ ರಕ್ಷಣೆಗಾಗಿ. ಅದನ್ನು ಕಟ್ಟುವವನ ಮಕ್ಕಳೂ ಸಂಜೆ ತಂದೆಯ ದಾರಿಯನ್ನು ನೋಡುತ್ತಿರುವರು. ಅವನು ಕ್ಷೇಮವಾಗಿ ಮನೆ ಸೇರಿದ ದಿನವೇ ಗೃಹಸ್ಥನಿಗೆ ಶುಭದಿನವೆಂದು ನಾವು ತಿಳಿಯುವೆವು.