ಹಲ್ಲು ಕೀಳಿಸುವ ಮೊದಲು ಯಾರ ಹತ್ತಿರ ಹೋಗಬೇಕು?

ನಮ್ಮ ಕಡೆ ಹಲ್ಲು ನೋವಿಗೆ ಮೊದಲ ಔಷಧ ಲವಂಗ. ಎರಡನೆಯದು ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ. ಮೂರನೆಯದು ಬಸ್ಸು ಹತ್ತಿ ತಾಲ್ಲೂಕಿಗೆ ಹೋಗಿ ಹಲ್ಲು ಕೀಳಿಸಿಕೊಂಡು ಬರುವುದು. ಮೊನ್ನೆ ನಾವು ಗೆಳೆಯರು ಕೂತು ನಮ್ಮ ಮನೆಗಳ ಹಲ್ಲಿನ ಲೆಕ್ಕ ಹಾಕಿದೆವು. ಕೀಳಿಸಿಕೊಂಡ ಹಲ್ಲು ಬೇಕಾದಷ್ಟಿತ್ತು. ಹುಳುಕು ತುಂಬಿಸಿ ಉಳಿಸಿಕೊಂಡ ಹಲ್ಲು ಒಂದೇ ಒಂದು, ಅದೂ ಬೆಂಗಳೂರಿನಲ್ಲಿ ಕೆಲಸ ಮಾಡುವ ಚಿಕ್ಕಪ್ಪನದು.

ಹಾಗಂತ ನಮ್ಮ ರಾಜ್ಯದಲ್ಲಿ ಹಲ್ಲಿನ ಡಾಕ್ಟರಿಗೆ ಬರವಿಲ್ಲ. ದಂತ ವೈದ್ಯ ಕಾಲೇಜುಗಳೇ 40ಕ್ಕೂ ಹೆಚ್ಚಿವೆ. ಓದಿದವರು ಪಟ್ಟಣದಲ್ಲಿ ಉಳಿಯುತ್ತಾರೆ, ಅಷ್ಟೇ. ಕುರ್ಚಿ, ಕಂಪ್ರೆಸರ್, ಎಕ್ಸ್‌ರೇ ಅಂತ ಲಕ್ಷಗಟ್ಟಲೆ ಹಾಕಿದವರು ನಮ್ಮೂರಿಗೆ ಬಂದು ಬದುಕುವುದು ಹೇಗೆ? ಅವರನ್ನು ನಾವು ಬೈಯುವುದಿಲ್ಲ.

ಆದರೆ ಡಾಕ್ಟರ ಜೊತೆಗೆ ಇನ್ನೊಬ್ಬರಿದ್ದಾರೆ, ಅವರ ಹೆಸರು ನಮ್ಮಲ್ಲಿ ಹೆಚ್ಚಿನವರು ಕೇಳಿಲ್ಲ. ಡೆಂಟಲ್ ಹೈಜಿನಿಸ್ಟ್. ಎರಡು ವರ್ಷದ ಡಿಪ್ಲೊಮಾ ಓದಿರುತ್ತಾರೆ. 1948ರ ದಂತ ವೈದ್ಯರ ಕಾಯ್ದೆ ಇವರಿಗೆ ಕೊಟ್ಟ ಕೆಲಸ ಇಷ್ಟು: ಕಲ್ಲಿನ ಹಾಗೆ ಕಟ್ಟಿಕೊಂಡ ಪಾಚಿ ಕೆರೆದು ತೆಗೆಯುವುದು, ಹಲ್ಲು ಕ್ಲೀನ್ ಮಾಡುವುದು, ಪಾಲಿಶ್ ಮಾಡುವುದು, ಬಾಯಿ ಹೇಗೆ ನೋಡಿಕೊಳ್ಳಬೇಕೆಂದು ಹೇಳಿಕೊಡುವುದು. ಹುಳುಕಿಗೆ ಮದ್ದು ಹಾಕುವುದು ಆ ಪಟ್ಟಿಯಲ್ಲಿಲ್ಲ. ಮಗುವಿನ ಹಲ್ಲಲ್ಲಿ ಸಣ್ಣ ಕಪ್ಪು ಚುಕ್ಕೆ ಕಂಡರೂ "ಡಾಕ್ಟರಿಗೆ ತೋರಿಸಿ" ಅನ್ನಬೇಕು. ಡಾಕ್ಟರ ಪಕ್ಕದಲ್ಲಿ ನಿಂತು ಸಾಮಾನು ಕೊಡುವ ಅಸಿಸ್ಟೆಂಟ್‌ಗಳ ಸ್ಥಿತಿಯೂ ಅಷ್ಟೆ. ಎಷ್ಟೋ ಜನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಲೇ ಕಲಿತವರು.

ಈಗ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನುವ ದ್ರವ ಇದೆ. ಹಲ್ಲು ಒಣಗಿಸಿ, ಹುಳುಕಿನ ಮೇಲೆ ಸಣ್ಣ ಬ್ರಷ್ಷಿನಿಂದ ಹಚ್ಚಿದರೆ ಹೆಚ್ಚಿನ ಸಲ ಹುಳುಕು ಅಲ್ಲಿಗೇ ನಿಲ್ಲುತ್ತದೆ. ಸೂಜಿ ಇಲ್ಲ, ಡ್ರಿಲ್ ಇಲ್ಲ, ಕರೆಂಟ್ ಬೇಡ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಒಂದು ತೊಂದರೆ ಉಂಟು: ಹಚ್ಚಿದ ಜಾಗ ಕಪ್ಪಾಗುತ್ತದೆ. "ಹೆಣ್ಣುಮಗು, ಹಲ್ಲು ಕಪ್ಪಾದರೆ ಹೆಂಗೆ?" ಅನ್ನುವ ಅಮ್ಮಂದಿರ ಚಿಂತೆ ಸುಳ್ಳಲ್ಲ. ಆದರೆ ಹಾಲುಹಲ್ಲು ಹೇಗೂ ಬಿದ್ದು ಹೋಗುವಂಥದ್ದು. ನೋವಿನಿಂದ ರಾತ್ರಿಯಿಡೀ ಅಳುವ ಮಗುವಿಗಿಂತ ಕಪ್ಪು ಹಲ್ಲಿನ ಮಗು ವಾಸಿ ಅಲ್ಲವೇ?

ಡಾಕ್ಟರಲ್ಲದವರ ಕೈಗೆ ಇಂಥ ಕೆಲಸ ಕೊಟ್ಟ ದೇಶಗಳಿವೆ. ನ್ಯೂಜಿಲೆಂಡ್ 1921ರಲ್ಲೇ ಹೆಣ್ಣುಮಕ್ಕಳಿಗೆ ಎರಡು ವರ್ಷ ತರಬೇತಿ ಕೊಟ್ಟು ಶಾಲೆಗಳಿಗೆ ಕಳಿಸಲು ಶುರು ಮಾಡಿತು. ಅವರು ಹುಳುಕು ತುಂಬುತ್ತಿದ್ದರು, ಹಾಲುಹಲ್ಲು ಕೀಳುತ್ತಿದ್ದರು. ಮಕ್ಕಳು ಆ ಕೋಣೆಗೆ "ಕೊಲೆ ಮನೆ" ಅಂತ ಹೆಸರಿಟ್ಟಿದ್ದರಂತೆ, ಅದು ಬೇರೆ ಮಾತು! ಅಮೆರಿಕದ ಅಲಾಸ್ಕದಲ್ಲಿ ರಸ್ತೆಯೇ ಇಲ್ಲದ ಹಳ್ಳಿಗಳಿವೆ. ಅಲ್ಲಿನ ಮೂಲನಿವಾಸಿಗಳ ಆರೋಗ್ಯ ಸಂಸ್ಥೆಗಳು 2003ರಲ್ಲಿ ತಮ್ಮ ಮಕ್ಕಳನ್ನು ಇದೇ ಕೆಲಸ ಕಲಿಯಲು ನ್ಯೂಜಿಲೆಂಡಿಗೆ ಕಳಿಸಿದವು. ಅಮೆರಿಕದ ದಂತ ವೈದ್ಯರ ಸಂಘ ಕೋರ್ಟಿಗೆ ಹೋಯಿತು. 2007ರಲ್ಲಿ ತೀರ್ಪು ಹಳ್ಳಿಯವರ ಪರ ಬಂತು.

ನಮ್ಮಲ್ಲೂ ಡಾಕ್ಟರುಗಳು ತಕರಾರು ತೆಗೆಯಬಹುದು. ಅದರಲ್ಲಿ ಒಂದು ಮಾತು ನಮಗೂ ಸರಿ ಅನ್ನಿಸುತ್ತದೆ. ಸಂತೆಯಲ್ಲಿ ಹಲ್ಲು ಕಟ್ಟುವ ನಕಲಿಗಳನ್ನು ಎಲ್ಲರೂ ನೋಡಿದ್ದೇವೆ. ನಿಯಮ ಸಡಿಲಿಸಿದರೆ ಅವರಿಗೂ ಬಾಗಿಲು ತೆರೆಯಬಾರದು. ಅದಕ್ಕೇ ನಾವು ಕೇಳುವುದು ಸ್ವಲ್ಪವೇ. ತರಬೇತಿ, ನೋಂದಣಿ, ಮೇಲೊಬ್ಬ ಡಾಕ್ಟರ ಹೊಣೆ ಇರಲಿ. ಇಂಜೆಕ್ಷನ್, ಹಲ್ಲು ಕೀಳುವುದು ಸದ್ಯ ಡಾಕ್ಟರಿಗೇ ಇರಲಿ. ಮದ್ದು ಹಚ್ಚುವುದು, ಸಣ್ಣ ಹುಳುಕನ್ನು ಕೈ ಸಾಮಾನಿನಿಂದ ಕೆರೆದು ಸಿಮೆಂಟ್ ತುಂಬುವುದು ಹೈಜಿನಿಸ್ಟರಿಗೆ ಸಿಗಲಿ.

ರಾಜ್ಯ ಸರ್ಕಾರ ಬಡ ಹಿರಿಯರಿಗೆ ದಂತ ಭಾಗ್ಯ ಯೋಜನೆಯಲ್ಲಿ ಉಚಿತ ಹಲ್ಲಿನ ಸೆಟ್ ಕೊಟ್ಟಿದೆ. ಒಳ್ಳೆಯದೇ. ಆದರೆ ಅದು ಹಲ್ಲೆಲ್ಲ ಹೋದ ಮೇಲಿನ ಮಾತು.

2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗದ ಹೊಸ ಕಾಯ್ದೆಗೆ ಒಪ್ಪಿಗೆ ಕೊಟ್ಟಿದೆ. ಯಾರು ಏನು ಮಾಡಬಹುದು ಅನ್ನುವುದನ್ನು ಮತ್ತೆ ಬರೆಯುವುದಾದರೆ ಈಗಲೇ ಬರೆಯಬೇಕು. ವ್ಯವಸ್ಥೆಯೂ ಅರ್ಧ ಸಿದ್ಧವಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ, ಶಾಲೆಗೆ ಬಂದು ಮಕ್ಕಳ ಹಲ್ಲನ್ನೂ ನೋಡುತ್ತವೆ. ಹುಳುಕು ಕಂಡರೆ ಚೀಟಿ ಬರೆದು ಆಸ್ಪತ್ರೆಗೆ ಹೋಗಿ ಅನ್ನುತ್ತವೆ. ಕೂಲಿ ಬಿಟ್ಟು ಯಾರು ಹೋಗುತ್ತಾರೆ? ಆ ಗಾಡಿಯಲ್ಲಿ ಒಬ್ಬ ಹೈಜಿನಿಸ್ಟ್, ಒಂದು ಸಣ್ಣ ಬಾಟಲಿ, ಬ್ರಷ್ ಇದ್ದರೆ ಕೆಲಸ ಅಲ್ಲೇ ಮುಗಿಯುತ್ತಿತ್ತು.

ನಿಮ್ಮೂರ ಶಾಲೆಗೆ ಆ ಗಾಡಿ ಕೊನೆಯ ಸಲ ಬಂದದ್ದು ಯಾವಾಗ? ಕೊಟ್ಟ ಚೀಟಿ ಏನಾಯಿತು? ಬರೆದು ತಿಳಿಸಿ.