ನಾಲ್ವತ್ತೆಂಟು ನಿಮಿಷಗಳ ಲೆಕ್ಕ

ನಮ್ಮ ಶಾಲೆಯಲ್ಲಿ ಬಹುಕಾಲ ಗಂಟೆ ಬಾರಿಸಿದ ಜವಾನರು ಕಳೆದ ವರುಷ ನಿವೃತ್ತರಾದರು. ಹತ್ತನೆಯ ಇಯತ್ತೆಯ ನಾವು ಕೆಲವರು ಕೂಡಿ ಅವರನ್ನು ಕುರಿತು 12 ನಿಮಿಷಗಳ ಚಿತ್ರವೊಂದನ್ನು ಸಿದ್ಧಪಡಿಸಿದೆವು. ಬೀಳ್ಕೊಡುಗೆಯ ಸಭೆ ಸಾಯಂಕಾಲ 4ಕ್ಕೆ. 5ಕ್ಕೆ ಅವರು ಹೊರಡಲೇಬೇಕು. ಮನೆಯಿಂದ ಗಂಟುಮೂಟೆ ತೆಗೆದುಕೊಂಡು ದಾದರಿನಲ್ಲಿ ರಾತ್ರಿಯ ಗದಗಿನ ಗಾಡಿಯನ್ನು ಹಿಡಿಯಬೇಕಾಗಿತ್ತು.

ತುಣುಕುಗಳನ್ನೂ ಅಕ್ಷರಗಳನ್ನೂ ಸಂಗೀತವನ್ನೂ ಒಂದೇ ಕಡತವಾಗಿ ಬೆಸೆಯುವ ಕೆಲಸಕ್ಕೆ ರೆಂಡರ್ ಎನ್ನುವರು. ಗಣಕಯಂತ್ರವು ಸೆಕೆಂಡಿಗೆ 25ರಂತೆ ಒಂದೊಂದು ಚಿತ್ರವನ್ನೂ ಹೊಸದಾಗಿ ರಚಿಸಬೇಕು. ನಮ್ಮ ಚಿತ್ರಕ್ಕೆ ಒಟ್ಟು 18,000! ನಾವು ಜಾಣರೆಂದು ಬಗೆದು, ಮೊದಲಿನ ಒಂದು ನಿಮಿಷವನ್ನಷ್ಟೇ ರೆಂಡರ್ ಮಾಡಿ ನೋಡಿದೆವು. 4 ನಿಮಿಷ ಹಿಡಿಯಿತು. ಹನ್ನೆರಡಕ್ಕೆ ನಾಲ್ವತ್ತೆಂಟು. ತ್ರೈರಾಶಿಯಲ್ಲಿ ನಮ್ಮನ್ನು ಮೀರಿಸುವವರುಂಟೆ? ಆದುದರಿಂದ ಮಧ್ಯಾಹ್ನ 2-30ರ ವರೆಗೂ ಸಂಗೀತವನ್ನು ಬದಲಿಸುತ್ತಲೇ ಕುಳಿತೆವು.

ಮೊದಲಿನ ಕಾಲುಭಾಗ 12 ನಿಮಿಷಗಳಲ್ಲಿ ಮುಗಿಯಿತು. ಇನ್ನು 36 ನಿಮಿಷವೆಂದು ಪರದೆ ತೋರಿತು. ಬಳಿಕ ಆ ಅಂಕಿ ಇಳಿಯುವುದಕ್ಕೆ ಬದಲಾಗಿ ಏರತೊಡಗಿತು. 3-30ಕ್ಕೆ ನೋಡಿದರೆ ಉಳಿದದ್ದು 86 ನಿಮಿಷ! ಯಂತ್ರವೂ ನಮ್ಮಂತೆಯೇ, ಕಳೆದುದನ್ನು ನೋಡಿ ಬರುವುದನ್ನು ಎಣಿಸುತ್ತಿತ್ತು.

ನಾವು ಪರೀಕ್ಷಿಸಿದ್ದು ಸ್ಥಿರಚಿತ್ರಗಳ ಮೇಲೆ ಹೆಸರು ಮೂಡುವ ಸುಲಭದ ಭಾಗವನ್ನು. ನಡುವಿನ 6 ನಿಮಿಷಗಳಾದರೋ ಸಂಜೆಯ ಮಂದ ಬೆಳಕಿನಲ್ಲಿ ಮೊಬೈಲಿನಿಂದ ತೆಗೆದವು. ಅವುಗಳ ಮೇಲಿನ ಕಾಳುಕಾಳಾದ ಮಸುಕನ್ನು ತೆಗೆಯಲು ಯಂತ್ರವು ಪ್ರತಿಯೊಂದು ಚಿತ್ರವನ್ನೂ ಅದರ ಹಿಂದುಮುಂದಿನವುಗಳೊಡನೆ ಹೋಲಿಸಿ ನೋಡಬೇಕು. ಸೆಕೆಂಡಿಗೆ ಆರಕ್ಕೂ ಹೆಚ್ಚು ಚಿತ್ರಗಳನ್ನು ಮುಗಿಸುತ್ತಿದ್ದುದು ಅಲ್ಲಿ ಒಂದಕ್ಕೆ ಇಳಿಯಿತು. 9,000 ಚಿತ್ರಗಳಿಗೆ ಎರಡೂವರೆ ಗಂಟೆ. ಆ ಭಾಗದಿಂದ ಹತ್ತೇ ಸೆಕೆಂಡುಗಳನ್ನು ಆಯ್ದು ಪರೀಕ್ಷಿಸಿದ್ದರೆ ಸತ್ಯವು ಸುಮಾರು ನಾಲ್ಕೇ ನಿಮಿಷಗಳಲ್ಲಿ ತಿಳಿಯುತ್ತಿತ್ತು. ಈಗ ಒಂದೊಂದು ಬಗೆಯ ದೃಶ್ಯದಿಂದಲೂ ತುಸು ತುಸು ಆಯ್ದು ಲೆಕ್ಕ ಹಾಕುತ್ತೇವೆ. ಅದರ ಮೇಲೆ ಅರ್ಧ ಗಂಟೆಯನ್ನು ಕೈಯಲ್ಲಿಟ್ಟುಕೊಳ್ಳುತ್ತೇವೆ.

ಸಭೆಯಲ್ಲಿ ಹಾರ ಹಾಕಿದರು, ಭಾಷಣಗಳಾದವು. ಚಿತ್ರವಿಲ್ಲ. ಮುಖ್ಯೋಪಾಧ್ಯಾಯರು ಎರಡು ಸಲ ನಮ್ಮತ್ತ ನೋಡಿದರು. ನಾವು ನೆಲವನ್ನು ನೋಡಿದೆವು. 5ಕ್ಕೆ ಅವರು ಎಲ್ಲರಿಗೂ ಕೈಮುಗಿದು ಹೊರಟರು. ರೆಂಡರ್ ಮುಗಿದಾಗ 5-24.

ಕಡತವನ್ನು ಮೊಬೈಲಿಗೆ ಹಾಕಿಕೊಂಡು, ಗುರುಗಳೊಬ್ಬರ ಜೊತೆಯಲ್ಲಿ ರಾತ್ರಿ ನಾವು ದಾದರಿಗೆ ಹೋದೆವು. ಗದ್ದಲದಲ್ಲಿ ನಮ್ಮ ಸಂಗೀತವು ಕೇಳಿಸಲೇ ಇಲ್ಲ. ಟ್ರಂಕಿನ ಮೇಲೆ ಕುಳಿತು ಅವರು ಅಂಗೈಯಗಲದ ಪರದೆಯಲ್ಲಿ ಚಿತ್ರವನ್ನು ಕಡೆಯವರೆಗೂ ನೋಡಿದರು. ಸಂಜೆ ಗಂಟೆ ಬಾರಿಸುವ ದೃಶ್ಯವನ್ನು ಮತ್ತೊಮ್ಮೆ ಹಾಕಲು ಹೇಳಿ, ಕಣ್ಣು ಕಿರಿದು ಮಾಡಿಕೊಂಡು ನೋಡಿ, "ಅವತ್ತ ನಾ ಎರಡು ನಿಮಿಷ ತಡಾ ಹೊಡದಿದ್ದೆ ನೋಡ್ರಪಾ," ಎಂದರು.